ಬಾಯಿ ತೆರೆದಿದ್ದಾಗ ಬಂದ ರ‍್ಯಾಂಕು

ಬಾಯಿ ಪೂರ್ತಿ ತೆರೆದು, ತುಟಿಗಳನ್ನು ಪ್ಲಾಸ್ಟಿಕ್ ಕೊಕ್ಕೆಯೊಂದು ಎರಡೂ ಕಡೆಗೆ ಎಳೆದು ಹಿಡಿದಿರುವಾಗ ನೀವು ಯಾರಿಗಾದರೂ ಸಮಾಧಾನ ಹೇಳಿದ್ದೀರಾ? ನಾನು ಹೇಳಲು ನೋಡಿದೆ. ಬಂದದ್ದು ಬರೀ ‘ಆಂ’.

ಮೊದಲಿನಿಂದ ಹೇಳುತ್ತೇನೆ.

ಐವತ್ತು ದಾಟಿದ ಮೇಲೆ ನಾನು ಹಲ್ಲಿಗೆ ತಂತಿ ಹಾಕಿಸಿಕೊಂಡೆ. (ನಗಬೇಡಿ. ನಿಮ್ಮ ಪಾಲಿನದ್ದನ್ನೂ ನಮ್ಮ ಸ್ಟಾಫ್ ರೂಮಿನವರೇ ನಕ್ಕು ಮುಗಿಸಿದ್ದಾರೆ.) ಶಹಾಪುರದ ನಮ್ಮ ಕ್ಲಿನಿಕ್ಕಿಗೆ ತಂತಿ ಹಾಕುವ ಸ್ಪೆಷಲಿಸ್ಟ್ ತಿಂಗಳಿಗೊಮ್ಮೆ ಕಲಬುರಗಿಯಿಂದ ಬರುತ್ತಾರೆ. ನಡುವೆ ತಂತಿ ಚುಚ್ಚಿದರೆ, ಕಿತ್ತರೆ ನೋಡಿಕೊಳ್ಳುವವಳು ಡಾಕ್ಟರ್ ಆಸ್ಮಾ. ಸುರಪುರದ ಹುಡುಗಿ. ಬಿಡಿಎಸ್ ಮುಗಿಸಿ ಇಲ್ಲಿ ಕೆಲಸಕ್ಕಿದ್ದಾಳೆ.

ಆವತ್ತು ನಾನು ಖಡಕ್ ರೊಟ್ಟಿ ಕಡಿದೆ. ಹಲ್ಲಿಗೆ ಅಂಟಿಸಿದ ಬ್ರ್ಯಾಕೆಟ್ ಒಂದು ರೊಟ್ಟಿಯ ಜೊತೆಗೇ ಎದ್ದು ಬಂತು. ಸ್ಕೂಲು ಬಿಟ್ಟದ್ದೇ ಕ್ಲಿನಿಕ್ಕಿಗೆ ಓಡಿದೆ.

“ರೊಟ್ಟಿ ಹಾಲಿನ್ಯಾಗ ನೆನಸಿ ತಿನ್ರಿ ಅಂದಿದ್ದೆ ಟೀಚರ್,” ಅಂದಳು ಆಸ್ಮಾ.

“ನೆನಸಿದ ಮ್ಯಾಲ ಅದಕ್ಕ ರೊಟ್ಟಿ ಅಂತಾರೇನವ್ವ?” ಅಂದೆ. ಅಲ್ಲಿಗೆ ನನ್ನ ಮಾತು ಮುಗಿಯಿತು. ಕೊಕ್ಕೆ ಬಾಯಿಗೆ ಬಿತ್ತು.

ಅವಳು ಬ್ರ್ಯಾಕೆಟ್ ಕೂರಿಸುತ್ತಿದ್ದಾಗ ಪಕ್ಕದಲ್ಲಿದ್ದ ಅವಳ ಮೊಬೈಲ್ ಗುಂಯ್ ಅಂದಿತು. ಗೆಳತಿಯ ಮೆಸೇಜು. ಅವಳು ಓರೆಗಣ್ಣಲ್ಲಿ ಓದಿದಳು. ಮಾಸ್ಕಿನ ಮೇಲೆ ನನಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ. ಅವು ತುಂಬಿಕೊಂಡವು.

ಕೈ ಅಲುಗಲಿಲ್ಲ. ನೀಲಿ ಲೈಟು ಹಿಡಿದು ಅಂಟು ಗಟ್ಟಿ ಮಾಡಿದಳು. ತಂತಿ ಕೂರಿಸಿ, ಪುಟ್ಟ ರಬ್ಬರ್ ರಿಂಗು ಬಿಗಿದಳು. ತಂತಿಯ ತುದಿ ನನ್ನ ಕೆನ್ನೆಗೆ ತಾಗುತ್ತಿಲ್ಲ ತಾನೇ ಎಂದು ಬೆರಳಿನಿಂದ ಸವರಿ ನೋಡಿದಳು. ಆಮೇಲೆಯೇ ಕೊಕ್ಕೆ ತೆಗೆದು, ಗ್ಲೌಸ್ ಬಿಚ್ಚಿ, ಸ್ಟೂಲಿನ ಮೇಲೆ ಕುಸಿದು ಕೂತಳು.

“ಏನಾತವ್ವ?”

“ಎಂಡಿಎಸ್ ಎಂಟ್ರನ್ಸ್ ರಿಜಲ್ಟ್ ಬಂದಾದರಿ. ಪಾಸ್ ಆಗೀನಿ. ಆದ್ರ ನನ್ನ ರ‍್ಯಾಂಕಿಗೆ ಆರ್ಥೋ ಸಿಗಂಗಿಲ್ಲ.”

ಆರ್ಥೋ ಅಂದರೆ ಹಲ್ಲು ಸಾಲು ಮಾಡುವ ವಿದ್ಯೆ. ಐದು ವರ್ಷ ಓದಿ ಹಲ್ಲಿನ ಡಾಕ್ಟರಾದರೂ ಅದನ್ನು ಕಲಿಯಲು ಮತ್ತೊಂದು ಪರೀಕ್ಷೆ. ದೇಶಕ್ಕೆಲ್ಲ ಒಂದೇ ಪೇಪರು. ಕಂಪ್ಯೂಟರಿನ ಮುಂದೆ ಕೂತು, ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಬೇಕು. ಸೀಟು ಕಡಿಮೆ, ಕೇಳುವವರು ಜಾಸ್ತಿ. ಮುಂದಿನ ರ‍್ಯಾಂಕಿನವರು ಆರಿಸಿಕೊಂಡು ಉಳಿದದ್ದು ಹಿಂದಿನವರಿಗೆ.

ನನಗೆ ಸಿಟ್ಟು ಬಂತು. “ಅದೆಂಥಾ ಪರೀಕ್ಷಾ? ನಿನ್ನ ಕೈ ಯಾರರ ನೋಡ್ಯಾರೇನು? ಈಗ ನಾ ನೋಡಿದೆ. ನಾ ಆಗಿದ್ರ ನೂರಕ್ಕ ನೂರು ಕೊಡ್ತಿದ್ದೆ!”

ಅವಳು ಕಣ್ಣೊರೆಸಿಕೊಂಡು ನಕ್ಕಳು. “ಕೈ ನೋಡಿ ಸೀಟು ಕೊಡ್ತೀವಂದ್ರ, ಯಾರ ಕೈ ನೋಡ್ತಾರ್ರಿ? ದೊಡ್ಡ ಡಾಕ್ಟರ್ ಮಕ್ಕಳದು ಮೊದಲ ನೋಡ್ತಾರ. ನಮ್ಮ ಅಬ್ಬಾ ಗಾಜಿನ ಬಳಿ ಮಾರ್ತಾರ. ಆ ಹೆಸರು ಹೇಳಿದ್ರ ಯಾರು ಒಳಗ ಕರೀತಾರ? ಕಂಪ್ಯೂಟರಿಗೆ ನಾ ಯಾರ ಮಗಳಂತ ಗೊತ್ತಿಲ್ಲ, ನನ್ನ ಇಂಗ್ಲಿಷ್ ಹೆಂಗದ ಅಂತಾನೂ ಗೊತ್ತಿಲ್ಲ. ಅದೇ ನನಗ ಧೈರ್ಯರಿ.”

ಮೂವತ್ತು ವರ್ಷ ಪೇಪರ್ ತಿದ್ದಿದವಳು ನಾನು, ಮುಂದಿನ ಪ್ರಶ್ನೆಗೆ ಹೋದೆ.

“ಮತ್ತ ಕಡಿಮಿ ಯಾಕ ಬಿತ್ತು?”

“ಉಳಿದವರು ವರ್ಷಗಟ್ಟಲೆ ಹೈದರಾಬಾದಿನ್ಯಾಗ ಕೋಚಿಂಗಿಗೆ ಕೂತಾರ್ರಿ. ನಾ ಪೇಷಂಟ್ ಇಲ್ಲದಾಗ ಓದೀನಿ.”

ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ನಿಜ. ಅದಕ್ಕೆ ಮುಂಚಿನ ವರ್ಷ ಎಲ್ಲರಿಗೂ ಒಂದೇನಾ?

ಹೊರಡಲು ಎದ್ದೆ. ಅವಳು ನನ್ನ ಸೆರಗು ಹಿಡಿದಳು. “ಟೀಚರ್, ನಮ್ಮ ಮನಿ ತನಕ ಬರ್ತೀರೇನು? ಅಬ್ಬಾಗ ಹೇಳಬೇಕು. ಒಬ್ಬಾಕಿಗೇ ಆಗವಲ್ದು.”

ಸುರಪುರದ ಬಸ್ಸು ಹತ್ತಿದೆವು. ಕಾಲುವೆ ತುಂಬಿ ಹರಿಯುತ್ತಿತ್ತು, ಕಣ್ಣು ಹಾಯುವವರೆಗೂ ಭತ್ತದ ಹಸಿರು. ಆರ್ಥೋನೇ ಯಾಕೆ ಬೇಕೆಂದು ಕೇಳಿದೆ.

“ಹಲ್ಲು ಎಲುಬಿನ್ಯಾಗ ಕುಂತಿರ್ತಾವಲ್ರಿ? ಜೋರ್ ಮಾಡಿದ್ರ ಬೇರು ಕೆಡ್ತದ. ಸಣ್ಣಂಗ ಎಳಕೋತ ಹೋದ್ರ ಎಲುಬೇ ಸರಿದು ದಾರಿ ಕೊಡ್ತದ. ಕಾಲೇಜಿನ್ಯಾಗ ಮೊದಲನೇ ಸಲ ನೋಡಿದಾಗ ನಂಬಿಕಿನೇ ಬರಲಿಲ್ಲ. ಒಂದು ಪೋರಿ ಬರ್ತಿತ್ತು, ತಲಿ ಎತ್ತಿ ಮಾತಾಡ್ತಿದ್ದಿಲ್ಲ. ತಂತಿ ಬಿಚ್ಚಿದ ದಿನ ಕೈಯಾಗ ಕನ್ನಡಿ ಕೊಟ್ಟೆ. ಅದು ಕನ್ನಡಿ ನೋಡಲಿಲ್ಲರಿ. ನನ್ನ ನೋಡಿ ನಕ್ಕಿತು.”

ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದಳು.

ಅವಳ ಅಬ್ಬಾ ಅಂಗಡಿ ಮುಚ್ಚಿ ಆಗತಾನೇ ಮನೆಗೆ ಬಂದಿದ್ದರು. ಆಸ್ಮಾ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದಳು, “ಅಬ್ಬಾ, ರಿಜಲ್ಟ್ ಆಯಾ.”

“ಪಾಸಾ?”

“ಪಾಸ್. ಲೇಕಿನ್…”

ಅವರು ಆ ‘ಆದರೆ’ಯ ಮುಂದಿನದನ್ನು ಕೇಳಲೇ ಇಲ್ಲ. ಬೀದಿಗಿಳಿದು, “ಹಮಾರಿ ಬೇಟಿ ಪಾಸ್ ಹೋಗಯೀ!” ಎಂದು ಕೂಗಿದರು. ಹತ್ತು ನಿಮಿಷದಲ್ಲಿ ಬಾಲೂಷಾ ಮಿಠಾಯಿ ಬಂತು. ಎದುರು ಮನೆಯ ಲಕ್ಷ್ಮವ್ವ ಬಂದು ಆಸ್ಮಾಳ ಗಲ್ಲ ಹಿಡಿದು ಮುದ್ದಿಸಿದಳು. ನಾನು ರ‍್ಯಾಂಕಿನ ವಿಷಯ ಬಿಡಿಸಿ ಹೇಳೋಣವೆಂದು ಬಾಯಿ ತೆರೆದೆ. ಆಸ್ಮಾ ನನ್ನ ಕೈ ಒತ್ತಿ ಹಿಡಿದಳು. ತಾನೇ ಒಂದು ಬಾಲೂಷಾ ಮುರಿದು ಅಪ್ಪನ ಬಾಯಿಗಿಟ್ಟಳು.

ಹೊತ್ತು ಮುಳುಗಿದ ಮೇಲೆ ಅಬ್ಬಾ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ಬಂದರು. ಓಣಿ ದಾಟಿದ ಮೇಲೆ ಮೆಲ್ಲಗೆ ಕೇಳಿದರು:

“ಆಕಿ ಬೇಕಂದ ಸೀಟು ಸಿಗಂಗಿಲ್ಲ, ಹೌದಿಲ್ರಿ ಟೀಚರ್?”

ನಾನು ನಿಂತೇಬಿಟ್ಟೆ. “ನಿಮಗ ಹೆಂಗ ಗೊತ್ತಾತ್ರಿ?”

“ಸಿಕ್ಕಿದ್ರ ಓಣಿ ತುದಿಯಿಂದನೇ ಕೂಗಿಕೋತ ಬರ್ತಿದ್ಲು. ಬಾಗಲದಾಗ ಆಕಿ ಮಾರಿ ನೋಡಿದೆ, ತಿಳೀತು.”

“ಮತ್ತ ಓಣಿಗೆಲ್ಲ ಬಾಲೂಷಾ ಹಂಚಿದ್ರಿ?”

“ಪಾಸ್ ಆಗಿದ್ದು ಸುಳ್ಳೇನ್ರಿ? ಎಷ್ಟು ಕಷ್ಟಪಟ್ಟಾಳ. ಅಳೂದು ಹೆಂಗೂ ಆಕಿ ಅಳ್ತಾಳ. ಖುಷಿ ಯಾರರ ಪಡಬೇಕಲ್ರಿ? ಅದಕ್ಕ ಆ ಕೆಲಸ ನಾ ಮಾಡ್ದೆ.”

ಬಸ್ಸು ಬಂತು. ಒಳ್ಳೆಯದೇ ಆಯಿತು. ಅವರೆದುರು ನಾನು ಅಳುವುದು ತಪ್ಪಿತು.

ಸೀಟು ಹಂಚುವ ಕೌನ್ಸೆಲಿಂಗ್ ಮುಗಿದಿದೆ. ಆರ್ಥೋ ಸಿಗಲಿಲ್ಲ. ಬೇರೆ ವಿಭಾಗದ ಸೀಟೊಂದು ಬಂದಿತ್ತು. ಎರಡು ದಿನ ಯೋಚಿಸಿ ಬಿಟ್ಟುಕೊಟ್ಟಳು. ಮತ್ತೆ ಬರೆಯುತ್ತಾಳಂತೆ. ಕ್ಲಿನಿಕ್ಕಿನವರು ಮಧ್ಯಾಹ್ನದ ಮೇಲೆ ರಜೆ ಕೊಡಲು ಒಪ್ಪಿದ್ದಾರೆ. ಮುಂದಿನ ಸಲ ಸಿಗುತ್ತದೆಯೇ? ಗೊತ್ತಿಲ್ಲ. ಆ ಪರೀಕ್ಷೆಯನ್ನು ನಾನೀಗ ಮೊದಲಿನಂತೆ ಬೈಯುವುದೂ ಇಲ್ಲ, ಪೂರ್ತಿ ಒಪ್ಪುವುದೂ ಇಲ್ಲ. ಅದು ತನ್ನ ಕೆಲಸ ಮಾಡಲಿ. ಅಂಕ ಎಣಿಸಲಿ, ಸಾಲಾಗಿ ನಿಲ್ಲಿಸಲಿ.

ಆದರೆ ಒಂದು ಮಾತು ಹೇಳಿ: ರಿಸಲ್ಟ್ ಬಂದ ದಿನ ನಿಮ್ಮ ಮನೆಯಲ್ಲಿ ಖುಷಿ ಪಡುವ ಕೆಲಸ ಯಾರದು?