ಬಿಗಿದಿಟ್ಟ ದ್ರಾಕ್ಷಿ ರಸ

"ಮುಟ್ಟಬ್ಯಾಡ್ರಿ, ಹಿಂದ ಸರೀರಿ!"

ಪಾತ್ರೆ ಮರಳಿಸಲು ಬಂದಿದ್ದ ಪಕ್ಕದ ಮನೆಯ, ಗೋಲಿಸೋಡಾ ಬಾಟಲಿಗೆ ಗ್ಯಾಸ್ ತುಂಬಿ ಮಾರುವ ಚಾಚಾ ಬಾಗಿಲಲ್ಲೇ ಕೂಗಿದರು. ನನ್ನ ಕೈ ಗಾಜಿನ ಜಾಡಿಯ ಮೇಲಿತ್ತು.

ಭಾಲ್ಕಿಯ ನಮ್ಮ ಅಡುಗೆಮನೆಯಲ್ಲಿ ಅದು ನನ್ನ ಮೊದಲ ವೈನ್. ದ್ರಾಕ್ಷಿ ಹಿಚುಕಿ, ಸಕ್ಕರೆ ಬೆರೆಸಿ, ಉಪ್ಪಿನಕಾಯಿಗೆ ಮಾಡುವಂತೆಯೇ ಮುಚ್ಚಳ ಬಿಗಿದು ಬಟ್ಟೆ ಕಟ್ಟಿದ್ದೆ. ಐದನೇ ದಿನ ಬಟ್ಟೆ ಬಿಚ್ಚಿದರೆ ತಗಡಿನ ಮುಚ್ಚಳ ಉಬ್ಬಿಕೊಂಡಿತ್ತು.

ಚಾಚಾ ಜಾಡಿಗೆ ಒದ್ದೆ ಗೋಣಿಚೀಲ ಹೊದಿಸಿ ನನ್ನನ್ನು ಅಂಗಳಕ್ಕೆ ಎಳೆದರು. "ರಸ ಹುಳಿ ಬಂದ್ರ ಗ್ಯಾಸ್ ಆಗ್ತದರಿ, ಅದಕ್ಕ ದಾರಿ ಬಿಡಬೇಕ್ರಿ" ಎನ್ನುವಷ್ಟರಲ್ಲಿ ಒಳಗೆ ಢಮ್ಮೆಂದಿತು. ಗೋಣಿಯನ್ನೂ ಸೀಳಿದ ಗಾಜಿನ ಚೂರೊಂದು ನಾನು ಕುಳಿತಿದ್ದ ಮಣೆಗೆ ನಾಟಿತ್ತು.

ಚಾಚಾರ ಎಡಗೈಯಲ್ಲಿ ಎರಡು ಬೆರಳಿಲ್ಲ. ಯಾಕೆಂದು ಇಷ್ಟು ವರ್ಷ ಕೇಳಿರಲಿಲ್ಲ. ಇನ್ನು ಕೇಳಬೇಕಾಗಿಲ್ಲ.