ಅಕ್ಕನ ಮನೆಗೆ ಬಂದ ಮಾತೆ

ಮೊನ್ನೆ ಯಳಂದೂರಿನ ನಮ್ಮ ಮನೆಯಲ್ಲಿ ಮೊಮ್ಮಗಳ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವಳು ಕೆನ್ನೆ ಉಬ್ಬಿಸಿ ಊದಿದಳು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ಆರಿದ ಬತ್ತಿಯ ಹೊಗೆ ನನ್ನ ಕಡೆ ತೇಲಿ ಬಂತು. ನಮ್ಮ ದೇವರ ಮನೆಯ ಎಣ್ಣೆದೀಪ ಆರಿದಾಗಿನ ವಾಸನೆ ಬೇರೆ, ಮೇಣದ ಈ ವಾಸನೆಯೇ ಬೇರೆ. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನಾನು ಹನೂರಿಗೆ ಹೋಗಿಬಿಟ್ಟಿದ್ದೆ… ಮದುವೆಯಾದ ಹೊಸತರಲ್ಲಿ ಬಾಡಿಗೆಗಿದ್ದ ಆ ಬೀದಿಗೆ, ಪಕ್ಕದ ಮನೆಯ ಅಕ್ಕನ ಬಾಗಿಲಿಗೆ.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ತಮಿಳುನಾಡಿನ ಗಡಿಯ ಪಾಲಾರ್ ಕಡೆಯ ಕ್ರೈಸ್ತರ ಮಗಳು, ತಮಿಳಿನಲ್ಲಿ ಎಣಿಸಿ ಕನ್ನಡದಲ್ಲಿ ಬೈಯುವವಳು. ನಾವು ಹಣೆ ತುಂಬ ವಿಭೂತಿ ಬಳಿಯುವ ಲಿಂಗಾಯತರು. ಬಂಡಳ್ಳಿಯಿಂದ ನಮ್ಮತ್ತೆ ಬಂದಾಗಲೆಲ್ಲ, "ಅವ್ರ ಮನೇಲಿ ನೀರು ಕುಡುದ್ಯಾ?" ಎಂದು ಪೊಲೀಸರ ಹಾಗೆ ವಿಚಾರಿಸುತ್ತಿದ್ದರು. ಇಲ್ಲ ಅತ್ತೆ, ಅನ್ನುತ್ತಿದ್ದೆ. ಸುಳ್ಳೇನಲ್ಲ, ಕುಡಿದದ್ದು ಕಾಫಿ.

ಅಕ್ಟೋಬರ್ ಬಂತೆಂದರೆ ಅವರಿಗೆ ಜಪಸರದ ತಿಂಗಳು. ಚರ್ಚಿನಿಂದ ಮಾತೆ ಮರಿಯಳ ಪ್ರತಿಮೆ ಹೊರಟು ದಿನಕ್ಕೊಂದು ಮನೆಯಲ್ಲಿ ತಂಗುತ್ತಿತ್ತು. ಒಂದು ಮನೆಯವರು ಪ್ರಾರ್ಥನೆ ಮಾಡಿ, ಮಾರನೆಯ ಸಂಜೆ ಮುಂದಿನ ಮನೆಗೆ ಹೊತ್ತು ಮುಟ್ಟಿಸಬೇಕು. ಎಡಗೈಯಲ್ಲಿ ಕೂಸು, ಹರಸಲು ಮುಂದಕ್ಕೆತ್ತಿದ ಬಲಗೈ, ಮೈಮೇಲೆ ಕೊಳ್ಳೇಗಾಲದ ರೇಷ್ಮೆಯ ಪುಟ್ಟ ಸೀರೆ. ಬೆಟ್ಟದ ಕಡೆಯಿಂದ ಮಂಜು ಇಳಿಯುವ ಹೊತ್ತಿಗೆ ಬೀದಿಯ ಆ ತುದಿಯಲ್ಲಿ ಹಾಡು ಶುರುವಾಗುತ್ತಿತ್ತು. ಅಂಗೈಯಲ್ಲಿ ಮರೆಮಾಡಿದ ಮೇಣದಬತ್ತಿಗಳ ಬೆಳಕಿನಲ್ಲಿ ಬರೀ ಮುಖಗಳು ಕಾಣುತ್ತಿದ್ದವು, ಕಾಲುಗಳು ಕಾಣುತ್ತಿರಲಿಲ್ಲ. ಮುಖಗಳೇ ತೇಲಿಕೊಂಡು ಬರುತ್ತಿವೆ ಅನ್ನಿಸುತ್ತಿತ್ತು. ಒಳಗೆ ಅನ್ನ ಸೀಯುವುದನ್ನೂ ಮರೆತು ನಾನು ಜಗಲಿಯ ಮೇಲೆ ನಿಂತಿರುತ್ತಿದ್ದೆ.

ಅಕ್ಕನ ಗಂಡ, ನಾನು ಭಾವ ಎಂದು ಕರೆಯುತ್ತಿದ್ದವರು, ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುವ ಟ್ರಾಕ್ಟರ್ ಓಡಿಸುತ್ತಿದ್ದರು. ಒಂದು ವರ್ಷ ಅದೇ ತಿಂಗಳಲ್ಲಿ, ಇಳಿಜಾರಿನಲ್ಲಿ ನಿಲ್ಲಿಸಿದ್ದ ಕಬ್ಬಿನ ಟ್ರೇಲರ್ ಹಿಂದಕ್ಕೆ ಜಾರಿ ಅವರ ಕಾಲಿನ ಮೇಲೆ ಹರಿಯಿತು. ಮೈಸೂರಿಗೆ ಸಾಗಿಸಿದರು. ಜೀವ ಉಳಿಯುವುದೇ ಅನುಮಾನ ಅಂದರಂತೆ ಡಾಕ್ಟರು. ಮೈದುನರು ಅಲ್ಲೇ ಉಳಿದು, ಬಟ್ಟೆಬರೆ ತರಲೆಂದು ಅಕ್ಕನನ್ನು ಊರಿಗೆ ಕಳಿಸಿದ್ದರು. ಆ ಸಂಜೆಯೇ ಮಾತೆ ಅವಳ ಮನೆಗೆ ಬರುವ ಸರದಿ. ಈ ಸಲ ನಿನ್ನ ಮನೆ ದಾಟಿಸಿಕೊಂಡು ಹೋಗುತ್ತೇವೆ ಅಂದರು ಬೀದಿಯವರು.

"ಕಷ್ಟ ಇರೋ ಮನೇನೇ ಬುಟ್ಟು ಓಯ್ತಾಳಾ ತಾಯಿ? ಕರ್ಕಬನ್ನಿ" ಅಂದಳು ಅಕ್ಕ.

ಅವಳ ಮನೆಯ ಬಾಗಿಲು ಗಿಡ್ಡ. ಬಂದವರೆಲ್ಲ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಪ್ರತಿಮೆ ಹೊತ್ತವರೂ ರೂಢಿಯಂತೆ ತಲೆ ತಗ್ಗಿಸಿದರು. ಹೆಗಲ ಮೇಲಿನ ಮಾತೆ ತಗ್ಗುವುದಿಲ್ಲ ಎಂಬುದು ಮರೆತೇಹೋಯಿತು. ಬಾಗಿಲಿನ ಮೇಲ್ಪಟ್ಟಿಗೆ ಬಡಿದು, ಹರಸುವ ಬಲಗೈ ಮಣಿಕಟ್ಟಿನಿಂದ ಮುರಿದು ಹೊಸ್ತಿಲ ಮೇಲೆ ಬಿತ್ತು. ಹಾಡು ನಿಂತಿತು. ಭಿನ್ನವಾದ ವಿಗ್ರಹವನ್ನು ಮನೆಯಲ್ಲಿ ಇಡಬಾರದು, ಹೊಳೆಗೆ ಬಿಡಬೇಕು ಎಂದು ಕೇಳಿ ಬೆಳೆದವಳು ನಾನು. ಆ ಹೆದರಿಕೆ ನಮ್ಮವರದು ಮಾತ್ರ ಅಂದುಕೊಂಡಿದ್ದೆ. ಅಕ್ಕನ ಅತ್ತೆಯ ಬಾಯಲ್ಲೂ ಅದೇ ಮಾತು ಬಂತು.

"ಕೈ ಮುರ್ದಿರದ್ನ ಮನೇಲಿ ಮಡಿಕಬ್ಯಾಡ ಕಣೇ, ಒಳೆಗೆ ಬುಟ್ಬುಡಿ. ನನ್ ಮಗಂಗೆ ಏನಾಯ್ತದೋ…" ಮುದುಕಿ ಎದೆ ಎದೆ ಬಡಿದುಕೊಂಡಳು.

ಅಕ್ಕ ಬಗ್ಗಿ ಆ ಪುಟ್ಟ ಕೈಯನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು. "ನಿಮ್ ಮಗ ಕಾಲ್ ಮುರ್ಕಂಡು ಆಸ್ಪತ್ರೇಲಿ ಬಿದ್ದವ್ನೆ. ಅವುನ್ನೂ ಒಳೆಗೆ ಬುಟ್ಬುಡನಾ ಅತ್ತೆ?"

ಕೈಯಿಲ್ಲದ ಮಾತೆಯನ್ನು ಒಳಗೆ ಕೂರಿಸಿದರು. ಹೂವು, ಸಾಂಬ್ರಾಣಿ, ಮೇಣದ ಬೆಳಕು… ಗೋಡೆಯ ಮೇಲೆ ಮಾತೆಯ ನೆರಳು ಅಲುಗಾಡುತ್ತಿತ್ತು, ನೆರಳಿನಲ್ಲಿ ಮಾತ್ರ ಕೈ ಇದೆಯೇನೋ ಎಂದು ನನಗೆ ಭ್ರಮೆಯಾಗುತ್ತಿತ್ತು. ವಿಭೂತಿ ಹಣೆಯ ನಾನು ಹೊಸ್ತಿಲ ಬಳಿ ಕೂತು, ನಮ್ಮ ಮಾದಪ್ಪನಿಗೂ ಆ ತಾಯಿಗೂ ಒಟ್ಟಿಗೇ ಹರಕೆ ಕಟ್ಟಿಕೊಂಡೆ.

ಬೆಳಿಗ್ಗೆ ಸುದ್ದಿ ಬಂತು. ಭಾವ ಉಳಿದರು. ಮಂಡಿಯ ಕೆಳಗೆ ಕಾಲು ಉಳಿಯಲಿಲ್ಲ. ನೋಡಿದ್ರಾ, ಸೂಚನೆ ಆಗಲೇ ಸಿಕ್ಕಿತ್ತು ಎಂದು ಬೀದಿ ಪಿಸುಗುಟ್ಟಿತು. ಅಕ್ಕನ ಕಿವಿಗೂ ಬಿತ್ತು.

"ನಾನು ಬೇಡಿದ್ದು ಮನುಸುನ್ನ, ಕಾಲ್ನ ಅಲ್ಲ. ಕೊಟ್ಲು" ಅಂದಳು, ಅಷ್ಟೇ.

ಹಾಗೆಂದು ಅವಳೇನು ಕಲ್ಲಲ್ಲ. ಒಂದು ಮಧ್ಯಾಹ್ನ ಭಾವನ ಪ್ಯಾಂಟಿನ ಒಂದು ಕಾಲನ್ನು ಮಡಿಚಿ ಹೊಲಿಯುತ್ತಾ ಬಿಕ್ಕಿ ಬಿಕ್ಕಿ ಅತ್ತದ್ದನ್ನು ಕಂಡಿದ್ದೇನೆ. ಆ ಮಾತೆಯ ಮೇಲೆ ಕೋಪ ಬರುವುದಿಲ್ಲವೇ ಅಕ್ಕಾ ಎಂದು ಕೇಳಿದೆ. "ಬತ್ತದೆ ಕಣವ್ವ. ಬಂದ್ರೂ ಅವಳ ಮುಂದೇನೇ ಕೂತು ಅಳ್ಬೇಕಲ್ಲ, ಇನ್ಯಾರವ್ರೆ ನಂಗೆ?" ಅಂದಳು.

ಚರ್ಚಿಗೆ ಹೊಸ ಪ್ರತಿಮೆ ಬಂತು. ಹಳೆಯದು ನಿಮ್ಮಲ್ಲೇ ಇರಲಿ ಬಿಡಮ್ಮ ಅಂದರಂತೆ ಫಾದರ್. ಭಾವನೇ ಕೂತು ಎಂಸೀಲ್ ಹಚ್ಚಿ ಕೈ ಕೂಡಿಸಿದರು. ಸ್ವಲ್ಪ ತಿರುಚಿ ಅಂಟಿತು. ಹರಸುತ್ತಿದ್ದ ಕೈ ಈಗ ಬಾ ಎಂದು ಕರೆಯುವ ಹಾಗೆ ಕಾಣುತ್ತಿತ್ತು. ಅಕ್ಕನಿಗೆ ಅದೇ ಚೆಂದವೆನಿಸಿತು. ಆಮೇಲೆ ನಮಗೆ ಯಳಂದೂರಿಗೆ ವರ್ಗವಾಯಿತು. ಮಕ್ಕಳು, ಅವರ ಓದು, ಮದುವೆ… ಹೋಗಿ ಬರೋಣ ಅಂದುಕೊಳ್ಳುವುದರಲ್ಲೇ ವರ್ಷಗಳು ಕಳೆದವು.

ಹುಟ್ಟುಹಬ್ಬ ಕಳೆದ ಮೇಲೆ ಮನಸ್ಸು ತಡೆಯದೆ ಭಾನುವಾರ ಬಸ್ಸು ಹತ್ತಿದೆ. ಅದೇ ಗಿಡ್ಡ ಬಾಗಿಲು. ಊರುಗೋಲು ಹಿಡಿದು ಭಾವ ಎದ್ದು ಬಂದರು. ಅಕ್ಕ ಎಲ್ಲಿ ಭಾವ, ಎಂದೆ. ಗೋಡೆಯ ಮೇಲಿನ ಫೋಟೋ ತೋರಿಸಿದರು.

"ಓದ ಮಳೆಗಾಲ್ದಲ್ಲಿ. ನಾನೂ ಬೇಡ್ಕಂಡೆ ಕಣವ್ವ, ಅವಳ್ನ ನಂಗೆ ಬುಟ್ಬುಡು ಅಂತ. ಕೊಡ್ನಿಲ್ಲ."

ಅಳು ಒತ್ತರಿಸಿಕೊಂಡು ಬಂತು. ಹೊತ್ತು ಮುಳುಗುತ್ತಿತ್ತು. ಭಾವ ಮಾತೆಯ ಮುಂದೆ ಮೇಣದಬತ್ತಿ ಹಚ್ಚಿ, ಕುರ್ಚಿ ಎಳೆದು ಕೂತು ಜಪಸರ ಹಿಡಿದರು. ಅದನ್ನು ಇಬ್ಬರು ಹಂಚಿಕೊಂಡು ಹೇಳುವುದು ವಾಡಿಕೆ. ಒಬ್ಬರು ಅರ್ಧ ಹೇಳಿ ನಿಲ್ಲಿಸಿದರೆ ಇನ್ನೊಬ್ಬರು ಉಳಿದರ್ಧ ಹೇಳಿ ಮುಗಿಸಬೇಕು. ಭಾವ ತಮ್ಮ ಅರ್ಧ ಹೇಳಿದರು, ನಿಲ್ಲಿಸಿದರು. ಅಕ್ಕ ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಕೂತರು. ಆಮೇಲೆ ಮುಂದಿನ ಮಣಿಗೆ ಬೆರಳು ಸರಿಸಿದರು.

ಆ ಬೀದಿಯಲ್ಲಿ ಕೇಳಿ ಕೇಳಿ ಆ ಸಾಲುಗಳು ನನಗೂ ಬರುತ್ತಿದ್ದವು. ನಾನು ಹೇಳಲಿಲ್ಲ. ಅದು ಅಕ್ಕನ ಪಾಲು.