ಮರ್ದಾನಸಾಬನ ಹೊಲಕ್ಕೆ ಬಾರದ ಫ್ಯಾನು

ಅಫ್ರೀನಳ ಅಪ್ಪ ತೀರಿಕೊಂಡ ವರ್ಷವೇ ಚಿಕ್ಕಪ್ಪ ಮರ್ದಾನಸಾಬ ಮುಂಡರಗಿ ಕಡೆಯ ಗುಡ್ಡದ ಹೊಲವನ್ನೆಲ್ಲ ತನ್ನ ಹೆಸರಿಗೆ ಮಾಡಿಸಿಕೊಂಡ. ಅಫ್ರೀನಳ ತಾಯಿ ಫಕೀರಬಿ ಪಾಲು ಕೇಳಿದ್ದಕ್ಕೆ ಅವಳ ಪಾತ್ರೆಪಗಡೆಗಳನ್ನು ಓಣಿಗೆ ಎಸೆದು, ಜನರೆದುರೇ ಜಡೆ ಹಿಡಿದು ಹೊಸ್ತಿಲಾಚೆ ದಬ್ಬಿದ. ತಾಯಿ ಮಗಳು ಬೆಟಗೇರಿ ಸೇರಿದರು. ನೇಕಾರರ ಮನೆಗಳಿಗೆ ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತಿ ಫಕೀರಬಿ ಮಗಳನ್ನು ಓದಿಸಿದಳು. ಆ ದಿನದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ, ಮರೆತದ್ದಂತೂ ಇಲ್ಲ.

ಎಂಜಿನಿಯರಿಂಗ್ ಮುಗಿಸಿದ ಅಫ್ರೀನಳಿಗೆ ಗಾಳಿ ವಿದ್ಯುತ್ ಕಂಪನಿಯೊಂದರ ಗದಗ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಗಾಳಿ ಫ್ಯಾನುಗಳನ್ನು ಎಲ್ಲೆಲ್ಲಿ ನಿಲ್ಲಿಸಬೇಕೆಂದು ಗೊತ್ತುಮಾಡುವ ಕೆಲಸ. ಫ್ಯಾನು ನಿಂತ ಹೊಲದವರಿಗೆ ಕಂಪನಿ ವರ್ಷಾವರ್ಷ ಬಾಡಿಗೆ ಕೊಡುತ್ತಿತ್ತು. ಮುಂದಿನ ಫ್ಯಾನು ಗಾಳಿಯ ಕಸುವು ಹೀರಿಕೊಂಡರೆ ಬೆನ್ನಿಗೆ ನಿಂತದ್ದಕ್ಕೆ ಸೋತ ಗಾಳಿಯೇ ಗತಿ. ಹಾಗಾಗಿ ಕಂಪ್ಯೂಟರಿನಲ್ಲಿ ನೂರೆಂಟು ಬಗೆಯಲ್ಲಿ ಜಾಗ ಬದಲಿಸಿ ನೋಡಬೇಕು. ಒಂದು ದಿನ ಪರದೆಯ ಮೇಲೆ ಆ ಗುಡ್ಡವೇ ಬಂತು.

ಕೊನೆಗೆ ಎರಡು ನಕ್ಷೆ ಉಳಿದವು. ಒಂದರಲ್ಲಿ ಫ್ಯಾನು ಚಿಕ್ಕಪ್ಪನ ಹೊಲದಲ್ಲಿ. ಇನ್ನೊಂದರಲ್ಲಿ ಅದರ ಪಡುವಣಕ್ಕಿದ್ದ ಹೊಳೆಯಪ್ಪನೆಂಬ ರೈತನ ಹೊಲದಲ್ಲಿ; ಆಗ ಚಿಕ್ಕಪ್ಪನ ಹೊಲ ಬೆನ್ನಿಗೆ ಬಿದ್ದು ಯಾವ ಫ್ಯಾನಿಗೂ ಬೇಡವಾಗುತ್ತಿತ್ತು. ಹುಟ್ಟುವ ಕರೆಂಟಿನಲ್ಲಿ ಕೂದಲೆಳೆಯ ಅಂತರ. ಅಫ್ರೀನ ಎರಡನೆಯದನ್ನೇ ಹಿಡಿದು ಮೇಲಿನವರೆದುರು ವಾದಿಸಿ ಒಪ್ಪಿಸಿದಳು. ಸಂಬಂಧದ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಮರ್ದಾನಸಾಬ, ಕಂಪನಿಯವರು ಹೊಲ ಅಳೆದು ಹೋದದ್ದೇ ತಡ, ಫ್ಯಾನು ಬಂದೇ ಬಿಟ್ಟಿತೆಂದು ಊರೆಲ್ಲ ಸಾರಿ, ಹೊಲದ ಬೇವಿನ ಮರಗಳನ್ನು ಕಡಿಸಿ, ದನದ ಕೊಟ್ಟಿಗೆ ಕೆಡವಿಸಿ ನೆಲ ಸಮ ಮಾಡಿಸಿದ್ದ. ಫ್ಯಾನು ಹೊಳೆಯಪ್ಪನ ಪಾಲಾದ ಸುದ್ದಿ ತಿಳಿದವನೇ ಗದಗಿಗೆ ಓಡಿಬಂದ. ಮೇಜಿನಾಚೆ ಕೂತವಳ ಗುರುತು ಹತ್ತಲಿಲ್ಲ.

"ನಮ್ಮ ಹೊಲದಾಗ ಗಾಳಿಗೇನ ಕಮ್ಮಿ ಐತ್ರಿ ಮೇಡಂ? ಊರಾಗ ಮಾರಿ ತೋರಸದಂಗ ಆಗೇತಿ. ಕೈ ಮುಗಿತೀನ್ರಿ."

ಅವನು ಕೈ ಮುಗಿಯುವವರೆಗೂ ಅಫ್ರೀನ ಕಾದಳು.

"ಗಾಳಿಗೇನೂ ಕಮ್ಮಿ ಇಲ್ಲ ಕಾಕಾ. ನಾ ಫಕೀರಬಿ ಮಗಳು."

ಮುಗಿದ ಕೈಗಳನ್ನು ಅವನು ಕೆಳಗಿಳಿಸಿದ. "ನೀ ಬೇಕಂತ ಮಾಡೀದಿ," ಎಂದ.

"ಹೂಂ, ಬೇಕಂತನ ಮಾಡೀನಿ. ಯಾರ ಮುಂದ ಹೇಳ್ತಿ ಹೇಳು. ಯಾಕ ಮಾಡಿದ್ಲು ಅಂತ ಕೇಳತಾರ, ಅದನ್ನೂ ಹೇಳು."

ಅವನು ಯಾರಿಗೂ ಹೇಳಲಿಲ್ಲ.

ಅಂದು ಸಂಜೆ ಫಕೀರಬಿ ರಾಟಿ ನಿಲ್ಲಿಸಿ ಎಲ್ಲ ಕೇಳಿಸಿಕೊಂಡಳು.

"ಕೈ ಮುಗದಾಗ ಅವನ ಮಾರಿ ಹೆಂಗಿತ್ತು?"

ಅಫ್ರೀನ ಹೇಳಿದಳು.

"ಇನ್ನೊಮ್ಮಿ ಹೇಳು."

ಮುಂದಿನ ಮಳೆಗಾಲದಲ್ಲಿ ಹೊಳೆಯಪ್ಪನ ಹೊಲದ ಫ್ಯಾನು ತಿರುಗತೊಡಗಿದಾಗ ಫಕೀರಬಿ ಒಬ್ಬಳೇ ಬಸ್ಸು ಹತ್ತಿ ಊರಿಗೆ ಹೋದಳು. ಕಡಿದ ಬೇವಿನ ಬುಡಗಳ ನಡುವೆ ಮರ್ದಾನಸಾಬ ಕೂತಿದ್ದ. ಅವಳು ಬದುವಿನ ಮೇಲೆ ನಿಂತು, ಅವನು ತಲೆ ಎತ್ತುವವರೆಗೂ ಕಾದಳು.